ಹುರಿ ಬಿಚ್ಚಿದ ವಾಯರು

ನಮ್ಮ ಮನೆಯಲ್ಲಿ ದಾರ ಎಸೆಯುವುದಿಲ್ಲ. ರಬಕವಿಯ ಯಾವ ನೇಕಾರನ ಮನೆಯಲ್ಲೂ ಎಸೆಯುವುದಿಲ್ಲ. ಗೇಣುದ್ದದ ತುಂಡು ಸಿಕ್ಕರೂ ಬೆರಳಿಗೆ ಸುತ್ತಿ ಗೋಡೆಯ ಗೂಡಿನಲ್ಲಿ ಇಡುತ್ತೇವೆ. ಉಡುದಾರಕ್ಕೋ, ಹೂ ಕಟ್ಟಲಿಕ್ಕೋ ಆದೀತು ಎನ್ನುತ್ತೇವೆ. ಹಾಗೆ ಇಟ್ಟದ್ದು ಯಾವತ್ತೂ ಯಾವುದಕ್ಕೂ ಆಗುವುದಿಲ್ಲ, ಆ ಮಾತು ಬೇರೆ. ಮೊನ್ನೆ ನನ್ನ ಹೆಂಡತಿ ಗೂಡು ಸಾರಿಸುವಾಗ ಈ ದಾರದ ಸುರುಳಿಗಳ ನಡುವೆ ಒಂದು ನೀಲಿ ವಾಯರಿನ ತುಂಡು ಹೊರಬಂತು. ಮೂರು ಮೊಳ ಉದ್ದ. ನಡುವೆ ಹೊರಗಿನ ಸಿಪ್ಪೆ ಸುಲಿದು, ಒಳಗಿನ ಎಂಟು ಎಳೆಗಳನ್ನು ಒಂದೊಂದಾಗಿ ಜೋಡಿಸಿ, ಕರಿ ಪಟ್ಟಿ ಸುತ್ತಿದ ತುಂಡು.

“ಇದನ್ನರ ಒಗೀಲೇನ್ರಿ?” ಎಂದಳು.

“ಇರಲಿ ಬಿಡ” ಎಂದೆ.

ಅವಳು ಅದನ್ನು ಒರೆಸಿ ಮತ್ತೆ ಗೂಡಿನಲ್ಲೇ ಇಟ್ಟಳು. ಅದು ಯಾಕೆ ಇರಬೇಕು ಎಂಬುದು ಅವಳಿಗೂ ಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಆದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ. ಮೂವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿದ್ದು ಕಿವಿ ಅರ್ಧ ಹೋಗಿದೆ. ಕಿವಿ ಮಂದವಾದವನು ಬೇರೆಯವರ ಮಾತು ಕೇಳುವುದಕ್ಕಿಂತ ತನ್ನ ಮಾತು ಹೇಳುವುದೇ ಹೆಚ್ಚು. ಲಗ್ನದ ಮನೆಗಳಲ್ಲಿ ಯಾರು ಏನು ಕೇಳಿದರೂ “ಹೌದ್ರಿ, ಹೌದ್ರಿ” ಎಂದು ತಲೆಯಾಡಿಸಿ, ಒಮ್ಮೆ ಒಬ್ಬರ ತಾಯಿ ತೀರಿಕೊಂಡ ಸುದ್ದಿಗೂ “ಛಲೋ ಆತ್ ಬಿಡ್ರಿ” ಎಂದವನು ನಾನು.

ಮೊದಲು ಮನೆಯ ವಿಷಯ. ನಮ್ಮದು ಕಲ್ಲು ಮಣ್ಣಿನ ಎರಡಂತಸ್ತಿನ ಮನೆ. ಗೋಡೆ ಎರಡು ಮೊಳ ದಪ್ಪ. ಕೆಳಗೆ ಮಗ್ಗದ ಮನೆ, ಅದರ ನೆಲದಲ್ಲಿ ಸೊಂಟದಾಳದ ಕುಣಿ. ಅಪ್ಪ ಕುಣಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಮಗ್ಗ ತುಳಿಯುತ್ತಿದ್ದ. ಮೇಲಿನ ಅಂತಸ್ತಿನಲ್ಲಿ ಅವ್ವ ಮತ್ತು ನಾನು ರಾಟಿ ತಿರುವಿ, ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆವು. ಎರಡು ಅಂತಸ್ತಿನ ನಡುವೆ ಒಂದು ಕಿಂಡಿ ಇತ್ತು. ಎಷ್ಟು ದೊಡ್ಡದೆಂದರೆ, ನಾನು ತಲೆ ತೂರಿಸಬಹುದಿತ್ತು, ಭುಜ ತೂರುತ್ತಿರಲಿಲ್ಲ. ಇದನ್ನು ನಾನು ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಆವತ್ತು ಅವ್ವ ನನ್ನ ಕಿವಿಗಳಿಗೆ ಎಣ್ಣೆ ಸವರಿ ಹೊರಗೆ ಎಳೆದಳು.

ಆ ಕಿಂಡಿಯಿಂದ ಒಂದು ಹಗ್ಗ ಇಳಿದಿರುತ್ತಿತ್ತು, ಅದರ ತುದಿಗೆ ಒಂದು ಬುಟ್ಟಿ. ಮಗ್ಗದ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಹಾಗಾಗಿ ಕೆಳಗಿನವರು ಹಗ್ಗ ಜಗ್ಗಿ ಹೇಳಬೇಕು. ಒಮ್ಮೆ ಜಗ್ಗಿದರೆ ಕಂಡಿಕೆ ಮುಗಿದಿವೆ, ಬುಟ್ಟಿಯಲ್ಲಿ ಇಳಿಸಿರಿ ಎಂದು. ಎರಡು ಸಲ ಜಗ್ಗಿದರೆ ಎಳೆ ಹರಿದಿದೆ, ಕೆಚ್ಚಲು ಬರ್ರಿ ಎಂದು. ಕೆಚ್ಚುವುದೆಂದರೆ ಹರಿದ ಎಳೆಗೆ ಎಳೆ ಸೇರಿಸುವುದು. ಗಂಟು ಹಾಕುವುದಲ್ಲ. ಗಂಟು ಹಾಕಿದರೆ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ತುದಿಗಳನ್ನು ಸೇರಿಸಿ, ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಹೊಸೆದುಬಿಡಬೇಕು. ಹಣಿಗೆಗೆ ಗೊತ್ತಾಗಬಾರದು, ಸೀರೆ ಉಟ್ಟವಳಿಗೂ ಗೊತ್ತಾಗಬಾರದು.

ಅಪ್ಪನ ಮೊಳಕಾಲು ಸೋತ ಮೇಲೆ ಅಣ್ಣ ಕುಣಿಗೆ ಇಳಿದ. ನನಗಿಂತ ಆರು ವರ್ಷ ದೊಡ್ಡವನು. ಅವನು ಇಳಿದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಹಗ್ಗ ಮೂರು ಸಲ ಅಲುಗಾಡಿತು. ಮೂರಕ್ಕೆ ಅರ್ಥವೇ ಇರಲಿಲ್ಲ. ನಾನು ಗಾಬರಿಯಾಗಿ ಮೆಟ್ಟಿಲು ಇಳಿದು ಓಡಿದೆ. ಅಣ್ಣ ಲಾಳಿ ನಿಲ್ಲಿಸದೇ ನನ್ನ ಕಡೆ ನೋಡಿದ.

“ಏನಿಲ್ಲಲೇ. ಸುಮ್ಮನ. ಅದಿಯೋ ಇಲ್ಲೋ ನೋಡಿದ್ನಿ” ಎಂದ.

ಆಮೇಲೆ ಅದು ನಮ್ಮಿಬ್ಬರದೇ ಆಯಿತು. ದಿನಕ್ಕೆ ಒಂದೆರಡು ಸಲ ಮೂರು ಜಗ್ಗು ಬರುತ್ತಿತ್ತು, ಮೇಲಿಂದ ನಾನೂ ಮೂರು ಸಲ ಜಗ್ಗುತ್ತಿದ್ದೆ. ಅಷ್ಟೇ. ಅವ್ವ “ಹಗ್ಗ ಹರೀತೈತಿ ನೋಡ್ರಿ” ಎಂದು ಬೈಯುತ್ತಿದ್ದಳು.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರಲೇಬೇಕು.

ಅಪ್ಪ, ಅವ್ವ ಹೋದ ಮೇಲೂ ಅಣ್ಣ ಕೈಮಗ್ಗ ಬಿಡಲಿಲ್ಲ. ನಾನು ಬೇರೆಯವರ ಶೆಡ್ಡಿನಲ್ಲಿ ಪವರ್‌ಲೂಮು ನಡೆಸುತ್ತಿದ್ದೆ. ನಮ್ಮ ಮಗ್ಗದ ಮನೆಯಲ್ಲೇ ಎರಡು ಪವರ್‌ಲೂಮು ಹಾಕಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ಅದಕ್ಕೆ ಕುಣಿ ಮುಚ್ಚಿ ಕಾಂಕ್ರೀಟು ಹಾಕಬೇಕು. ಕೇಳಿದರೆ ಅಣ್ಣ ಬೇಡ ಎನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಕೇಳಲಿಲ್ಲ. ಅವನು ಮುಧೋಳದ ಬೀಗರ ಮನೆಯ ಲಗ್ನಕ್ಕೆ ಹೋದಾಗ ಮಗ್ಗ ಬಿಚ್ಚಿ ಕಟ್ಟಿಗೆ ಒಂದು ಕಡೆ ಒಟ್ಟಿದೆ, ಗೌಂಡಿಯನ್ನು ಕರೆಸಿ ಕುಣಿ ಮುಚ್ಚಿಸಿದೆ. ನಾಲ್ಕನೆಯ ದಿನ ಅಣ್ಣ ಬಂದ. ಚೀಲ ಕೈಯಲ್ಲಿ ಹಿಡಿದೇ ಹಸಿ ಸಿಮೆಂಟಿನ ಅಂಚಿನಲ್ಲಿ ನಿಂತ. ಬೈಯುತ್ತಾನೆ ಎಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

“ನಾ ಬರೂತನಕಾ ತಡೀಬೇಕಿತ್ತು” ಎಂದ. ಅಷ್ಟು ಹೇಳಿ ಮೆಟ್ಟಿಲು ಹತ್ತಿದ.

ಅಂದಿನಿಂದ ಮೇಲಿನ ಅಂತಸ್ತು ಅವನದಾಯಿತು, ಕೆಳಗಿನದು ನನ್ನದಾಯಿತು. ಧೂಳು ಬರುತ್ತದೆ ಎಂದು ಕಿಂಡಿಯ ಮೇಲೆ ಒಂದು ಫರ್ಸಿ ಕಲ್ಲು ಎಳೆದ. ಸೀರೆಯ ಅಂಚು ಸೆರಗುಗಳ ಡಿಜೈನು ಬರೆಯುವ ಕೆಲಸ ಹಿಡಿದ. ಮೊದಲು ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದ. ಆಮೇಲೆ ಜಮಖಂಡಿಯಿಂದ ಕಂಪ್ಯೂಟರು ತಂದು ಅದರಲ್ಲೇ ಕಲಿತ. ನನ್ನೊಡನೆ ಮಾತು ಬಿಟ್ಟ. ನಾನೂ ಬಿಟ್ಟೆ. ಮನೆಗಾಗಿಯೇ ಮಾಡಿದೆನಲ್ಲ ಎಂಬ ಸೆಡವು ನನಗೆ. ಹಬ್ಬಕ್ಕೆ ಹೋಳಿಗೆ ಮೇಲೆ ಕೆಳಗೆ ಓಡಾಡುತ್ತಿತ್ತು, ನಾವು ಓಡಾಡಲಿಲ್ಲ. ಹೀಗೆ ಹನ್ನೊಂದು ವರ್ಷ ನಡೆಯಿತು. ಇಷ್ಟು ದಿನ ಹೇಗೆ ಕಳೆದಿರಿ ಎಂದು ನೀವು ಕೇಳಬಹುದು. ಮಗ್ಗದ ಸದ್ದು ದೊಡ್ಡದು, ಅದರಲ್ಲಿ ಬಹಳ ಸಂಗತಿಗಳು ಮುಚ್ಚಿಹೋಗುತ್ತವೆ.

ಹೋದ ವರ್ಷ ಅಣ್ಣನ ಗಂಟಲಲ್ಲಿ ಗಡ್ಡೆ ಎಂದರು. ಬೆಳಗಾವಿಯ ದವಾಖಾನೆಯಲ್ಲಿ ದನಿಯ ಪೆಟ್ಟಿಗೆಯನ್ನೇ ತೆಗೆದರು. ನಾನು ಒಂದು ದಿನ ಬಸ್ಸು ಹತ್ತಿ ಹೋದೆ. ಅಣ್ಣ ಮಲಗಿದ್ದ, ಕತ್ತಿನ ತುಂಬ ಬಿಳಿ ಪಟ್ಟಿ. ಎಚ್ಚರಾಗುವ ಮೊದಲೇ ಹೊರಗೆ ಬಂದು ಉದ್ದನೆಯ ಬಾಕಿನ ಮೇಲೆ ಕೂತೆ, ಸಂಜೆಯ ಬಸ್ಸಿಗೆ ತಿರುಗಿ ಬಂದೆ. ದಾರಿಯಲ್ಲಿ ಒಂದೇ ಯೋಚನೆ. ಎಂದಾದರೂ ಒಂದು ದಿನ ಅಣ್ಣನೇ ಮಾತು ತೆಗೆಯುತ್ತಾನೆ ಎಂದು ಹನ್ನೊಂದು ವರ್ಷ ಕಾದಿದ್ದೆ. ಇನ್ನು ತೆಗೆಯಲಾರ. ಅವನ ಬಾಯಿಂದ ನನಗೆ ಸಿಕ್ಕ ಕೊನೆಯ ಮಾತು ಆ ಹಸಿ ಸಿಮೆಂಟಿನ ಮುಂದೆ ಆಡಿದ್ದೇ ಆಯಿತು. ಲೋಕಾಪುರ ದಾಟುವವರೆಗೂ ಅತ್ತೆ. ಪಕ್ಕದಲ್ಲಿ ಕೂತವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ.

ಅಣ್ಣ ಮನೆಗೆ ಬಂದ. ಸಾಲಿ ಮಕ್ಕಳ ಪಾಟಿಯೊಂದನ್ನು ತಂದುಕೊಂಡು, ಬೇಕಾದದ್ದನ್ನು ಅದರ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಿದ್ದ. ಒಂದು ಬೆಳಿಗ್ಗೆ ವೈನಿ, ಎಂದರೆ ಅಣ್ಣನ ಹೆಂಡತಿ, ಕೆಳಗೆ ಬಂದು ನನ್ನ ಮಗ್ಗ ನಿಲ್ಲಿಸಲು ಕೈಸನ್ನೆ ಮಾಡಿದರು. ಆ ವಾರವಷ್ಟೇ ನಮ್ಮ ಕೆಳಗಿನ ಮನೆಗೆ ಇಂಟರ್ನೆಟ್ಟಿನ ಡಬ್ಬಿ ಬಂದಿತ್ತು.

“ಶಂಕ್ರಪ್ಪನವರ, ನಿಮ್ಮ ಡಬ್ಬಿಯಿಂದ ಮ್ಯಾಲಿನ ಕಂಪ್ಯೂಟರಿಗೆ ನೆಟ್ ಕೊಡಾಕ ಬರತೈತೇನ್ರಿ?” ಎಂದು ನನ್ನ ಕಿವಿಯ ಹತ್ತಿರ ಜೋರಾಗಿ ಕೇಳಿದರು. “ಬನಹಟ್ಟಿ ಸಾವಕಾರ್ರು ಫೋನ್ ಮಾಡ್ತಾರ. ಇವರು ಫೋನಿನ್ಯಾಗ ಏನ ಮಾತಾಡ್ಯಾರು? ಡಿಜೈನ್ ಆದ ಕೂಡಲೆ ಕಂಪ್ಯೂಟರಿನಿಂದನ ಕಳಿಸಬೇಕು, ಉತ್ತರ ಬರದು ಕೊಡಬೇಕು. ಮೊಬೈಲಿನ ನೆಟ್ಟಿನ್ಯಾಗ ಹೋಗವಲ್ವು. ಕೆಲಸಾ ನಿಂತ್ರ ಇವರು ಉಳಿಯೂದಿಲ್ರಿ.”

“ಅಣ್ಣ ಹೇಳಿ ಕಳಿಸಿದ್ನೇನ್ರಿ?” ಎಂದೆ.

ವೈನಿ ನೆಲ ನೋಡಿದರು. “ಬ್ಯಾಡ ಅನ್ಲಿಲ್ಲ” ಎಂದರು.

ನನಗೆ ಅಷ್ಟು ಸಾಕಾಗಿತ್ತು. ಇಂಟರ್ನೆಟ್ಟಿನವನಿಗೆ ಫೋನು ಹಚ್ಚಿದೆ. ನಲವತ್ತರ ಆಸುಪಾಸಿನ ಮನುಷ್ಯ, ಅವನ ತಾಯಿತಂದೆಯೂ ನೇಕಾರರೇ. ಬಂದವನು ಮೇಲೆ ಹೋಗಿ ಮೊಬೈಲು ಹಿಡಿದು ಓಡಾಡಿ ಇಳಿದು ಬಂದ.

“ಕಾಕಾ, ಈ ಗ್ವಾಡಿ, ಈ ಮಣ್ಣಿನ ಮಾಳಗಿ ದಾಟಿ ವೈಫೈ ಹೋಗೂದಿಲ್ರಿ. ವಾಯರ್ನ ಎಳೀಬೇಕು. ಹೊರಗಿನ ಗ್ವಾಡಿಗುಂಟ ಒಯ್ದ್ರ ಮಳಿ ಬಿಸಿಲಿಗೆ ಕೆಡತೈತಿ.”

“ಒಳಗ ಕಿಂಡಿ ಐತಿ” ಎಂದೆ. “ಕಲ್ಲ ತಗೀಬೇಕಷ್ಟ.”

“ಹಂಗಾರ ನೀವ ಎಳಕೋರಿ. ಅಳತಿ ಹೇಳ್ರಿ, ಎರಡೂ ತುದಿಗೆ ಪಿನ್ ಹಾಕಿ ಕೊಟ್ಟು ಹೊಕ್ಕೇನಿ. ನಂಗ ಚಿಮ್ಮಡದಾಗ ಕೆಲಸೈತಿ, ಇನ್ನ ಸೋಮವಾರನ ಬರಾವ.”

ನೇಕಾರನಿಗೆ ಅಳತೆ ಕೇಳಿದರೆ ಅವನು ಪಟ್ಟಿ ಹಿಡಿಯುವುದಿಲ್ಲ. ನಾನು ಡಬ್ಬಿಯಿಂದ ಕಿಂಡಿಯ ಅಡಿಯವರೆಗೆ ಮೊಳ ಹಾಕಿದೆ. ಮೇಲೆ ಕಿಂಡಿಯಿಂದ ಕಂಪ್ಯೂಟರಿನವರೆಗೆ ವೈನಿ ಮೊಳ ಹಾಕಿ ಬಂದು ಹೇಳಿದರು. ಎರಡನ್ನೂ ಕೂಡಿಸಿದೆ. ಅವನು ಅಷ್ಟೇ ಕತ್ತರಿಸಿ ಪಿನ್ನು ಒತ್ತಿ, “ಬೇಕಾದೀತು” ಎಂದು ಒಂದು ಬಿಡಿ ತುಂಡನ್ನೂ ಇಟ್ಟು ಹೋದ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಕಲ್ಲು ಸರಿದ ಸದ್ದು. ಅದು ನನಗೂ ಕೇಳಿಸಿತು. ಮಣ್ಣು ಉದುರಿತು, ಆಮೇಲೆ ಒಂದು ಚೌಕ ಬೆಳಕು ನನ್ನ ಎರಡು ಮಗ್ಗಗಳ ನಡುವಿನ ಕಾಂಕ್ರೀಟಿನ ಮೇಲೆ ಬಿತ್ತು. ಹನ್ನೊಂದು ವರ್ಷ ಆ ಜಾಗದಲ್ಲಿ ಹಗಲಿನ ಬೆಳಕು ನೋಡಿರಲಿಲ್ಲ.

“ಕಲ್ಲ ಅವರ ಎತ್ತಿದ್ರು. ನನಗ ಮುಟ್ಟಗೊಡ್ಲಿಲ್ಲ” ಎಂದು ವೈನಿ ಮೇಲಿಂದ ಕೂಗಿದರು.

ನಾನು ಏಣಿ ಹತ್ತಿ ವಾಯರು ತೂರಿಸಿದೆ. ಮೇಲಿಂದ ಎಳೆದುಕೊಂಡರು. ಕಂಪ್ಯೂಟರಿಗೆ ಸಿಕ್ಕಿಸಿದಾಗ ಕೆಳಗಿನ ತುದಿ ನನ್ನ ತಲೆಗಿಂತ ಎಷ್ಟೋ ಮೇಲೆ ನೇತಾಡುತ್ತಿತ್ತು. ಆಮೇಲೆ ಹೊಳೆಯಿತು. ನಾವು ಹಾಸು, ಎಂದರೆ ಮಗ್ಗದ ಉದ್ದದ ಎಳೆಗಳನ್ನು, ಅಳೆಯುವುದು ನೆಲದಗುಂಟ, ಬೀದಿಯಗುಂಟ. ಎತ್ತರ ನಮ್ಮ ಅಳತೆಯಲ್ಲಿ ಬರುವುದೇ ಇಲ್ಲ. ಕೆಳಗಿನ ನೆಲ ಅಳೆದಿದ್ದೆವು, ಮೇಲಿನ ನೆಲ ಅಳೆದಿದ್ದೆವು. ನಡುವಿನ ಎತ್ತರವನ್ನು ಇಬ್ಬರೂ ಮರೆತಿದ್ದೆವು.

ಸೋಮವಾರಕ್ಕೆ ಇನ್ನೂ ಮೂರು ದಿನ ಇತ್ತು. ವೈನಿ ವಾಯರನ್ನು ಸುತ್ತಿಕೊಂಡು ಕೆಳಗೆ ಬಂದರು, ಆ ಬಿಡಿ ತುಂಡು ನೋಡಿದರು.

“ಎಳಿ ಸಾಲದಿದ್ರ ಏನ್ಮಾಡ್ತೀವ್ರಿ? ಕೆಚ್ತೀವಿ” ಎಂದರು.

ವೈನಿ ನಮ್ಮ ಓಣಿಯಲ್ಲೇ ಹೆಸರಾದ ಕೈ. ಎರಡು ಸಾವಿರ ಎಳೆಯ ಹಾಸನ್ನು ಹಳೆಯದಕ್ಕೆ ಹೊಸದು ಸೇರಿಸಿ ಕೆಚ್ಚುವಾಗಲೂ ಒಂದು ಎಳೆ ತಪ್ಪಿಸಿದವರಲ್ಲ. ಎಂಟು ಎಳೆ ಅವರಿಗೆ ಯಾವ ಲೆಕ್ಕ? ಇಬ್ಬರೂ ನೆಲದ ಮೇಲೆ ಕೂತೆವು. ಬಿಡಿ ತುಂಡು ಸೇರಿಸಲೆಂದು ವಾಯರನ್ನು ನಡುವೆ ಕತ್ತರಿಸಿದೆವು. ಒಂದೊಂದು ತುದಿಯಲ್ಲೂ ಮೊಳದುದ್ದ ಸಿಪ್ಪೆ ಸುಲಿದೆವು. ಒಳಗೆ ಕೇಸರಿ, ಹಸಿರು, ನೀಲಿ, ಕಂದು. ಒಂದೊಂದಕ್ಕೂ ಅದೇ ಬಣ್ಣದ ಗೆರೆಯಿರುವ ಬಿಳಿ ಜೋಡಿ. ಜೋಡಿಗಳೆಲ್ಲ ಹುರಿಗೊಂಡಿದ್ದವು, ಒಂದರ ಮೈಗೆ ಒಂದು ಸುತ್ತಿಕೊಂಡಿದ್ದವು. ವೈನಿ ಮುಖ ಸಿಂಡರಿಸಿದರು.

“ಇದೇನ್ರಿ ಇದು, ಎಲ್ಲಾ ಸಿಕ್ಕು. ಹಿಂಗ ಇಟ್ಟು ಯಾರರ ಕೆಚ್ತಾರೇನ್ರಿ?”

ಸಿಕ್ಕು ಕಂಡರೆ ಬಿಡಿಸಬೇಕು ಎಂಬುದು ನಮಗೆ ಎದೆಹಾಲಿನೊಡನೆ ಬಂದ ಬುದ್ಧಿ. ಒಂದೊಂದೇ ಹುರಿ ಬಿಚ್ಚಿ, ಬಾಚಣಿಗೆಯಿಂದ ಬಾಚಿದ ಹಾಗೆ ನೆಟ್ಟಗೆ ಮಾಡಿ, ಎಂಟೂ ಎಳೆಗಳನ್ನು ಸಾಲಾಗಿ ಮಲಗಿಸಿದೆವು. ಬೂದಿ ಬೇಕಾಯಿತು. ಗ್ಯಾಸಿನ ಒಲೆಯ ಮನೆಯಲ್ಲಿ ಬೂದಿ ಎಲ್ಲಿಯದು? ವೈನಿ ದೇವರ ಜಗುಲಿಯಿಂದ ವಿಭೂತಿಯ ಗಟ್ಟಿ ತಂದು ಬೆರಳಿಗೆ ತಿಕ್ಕಿಕೊಂಡರು. “ದೇವರ ಕೆಲಸಾನ ಇದು” ಎಂದರು. ಬಣ್ಣಕ್ಕೆ ಬಣ್ಣ ಸೇರಿಸಿ ತಾಮ್ರವನ್ನು ಹೊಸೆದರು, ನಾನು ಕರಿ ಪಟ್ಟಿ ಸುತ್ತಿದೆ. ಎರಡು ಕಡೆ ಕೆಚ್ಚು, ಹದಿನಾರು ಜೋಡಣೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಇತ್ತೀಚೆಗೆ ಮಾಡಿರಲಿಲ್ಲ, ನನಗೆ ಹೆಮ್ಮೆಯೇ ಆಯಿತು.

ಸಿಕ್ಕಿಸಿದೆವು. ಡಬ್ಬಿಯಲ್ಲಿ ದೀಪ ಮಿಣುಕಿತು. ಮೇಲಿಂದ ವೈನಿ “ಬಂತು” ಎಂದರು, ಸ್ವಲ್ಪ ಹೊತ್ತಿಗೆ “ನಿಂತು” ಎಂದರು, ಮತ್ತೆ “ಬಂತು” ಎಂದರು. ನಾನು ಏಣಿಯ ಮೇಲೆ ನಿಂತು ಕಾಯುತ್ತಿದ್ದೆ. ಆಗ ಕಿಂಡಿಯಿಂದ ಏನೋ ಇಳಿದು ಬಂದು ನನ್ನ ಮೂಗಿನ ಮುಂದೆ ನಿಂತಿತು. ದಾರ ಕಟ್ಟಿದ ಪಾಟಿ. ಅಣ್ಣನ ಅಕ್ಷರ.

“ಹನಿ ಹನಿ ಬರಾಕತ್ತೈತಿ. ಹುರಿ ಬಿಚ್ಚಿದಿ ಏನ?”

ಪಾಟಿ ಹಿಡಿದುಕೊಂಡೇ ಕೆಳಗಿಳಿದು ಕೂತೆ. ಹನ್ನೊಂದು ವರ್ಷದ ಮೇಲೆ ಅಣ್ಣ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅದೂ ನನ್ನ ತಪ್ಪಿನ ಬಗ್ಗೆಯೇ. ಅವನಿಗೆ ಹೇಗೆ ಗೊತ್ತಾಯಿತೋ. ಸಣ್ಣಂದಿನಿಂದಲೂ ಮಗ್ಗದ ಸದ್ದು ಕೇಳಿಯೇ ಎಲ್ಲಿ ಎಳೆ ಹರಿದಿದೆ ಎಂದು ಹೇಳುತ್ತಿದ್ದವನು ಅವನು.

ಬಳಪ ಪಾಟಿಗೇ ಕಟ್ಟಿತ್ತು. ಅಣ್ಣನ ಅಕ್ಷರ ಒರೆಸಲು ಕೈ ಬರಲಿಲ್ಲ. ಪಾಟಿ ತಿರುವಿ ಹಿಂದಿನ ಮಗ್ಗುಲಿಗೆ ಬರೆದೆ. “ಬಿಚ್ಚೇನಿ. ತಪ್ಪಾತು.” ಜಾಗ ಇನ್ನೂ ಉಳಿದಿತ್ತು. ಅಲ್ಲೇ ಕೆಳಗೆ ಬರೆದೆ. “ಕುಣಿ ಮುಚ್ಚಿದ್ದೂ ತಪ್ಪಾತು. ನೀ ಬರೂತನಕಾ ತಡೀಬೇಕಿತ್ತು.”

ದಾರ ಜಗ್ಗಿದೆ. ಪಾಟಿ ಮೇಲೆ ಹೋಯಿತು.

ತಿರುಗಿ ಬರಲಿಲ್ಲ. ಶನಿವಾರವೂ ಬರಲಿಲ್ಲ, ಭಾನುವಾರವೂ ಬರಲಿಲ್ಲ. ನಾನು ಮಗ್ಗ ನಡೆಸುತ್ತ ಮತ್ತೆ ಮತ್ತೆ ಕತ್ತೆತ್ತಿ ನೋಡುತ್ತಿದ್ದೆ, ಎರಡು ಸಲ ಎಳೆ ಹರಿದದ್ದೂ ಗೊತ್ತಾಗದೆ ಅಷ್ಟುದ್ದ ಬಟ್ಟೆ ಕೆಡಿಸಿದೆ. ಮಾಡಬಾರದ್ದನ್ನು ಮಾಡಿ, ಹೇಳಬೇಕಾದದ್ದನ್ನು ಇಷ್ಟು ತಡವಾಗಿ ಹೇಳಿದರೆ ಉತ್ತರ ಬರಬೇಕೆಂದು ನಿಯಮವಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕಲ್ಲನ್ನು ಮಾತ್ರ ಅಣ್ಣ ಮತ್ತೆ ಎಳೆದಿರಲಿಲ್ಲ. ಆ ಚೌಕ ಬೆಳಕು ಬೆಳಿಗ್ಗೆ ಒಂದು ಮಗ್ಗದ ಹತ್ತಿರ, ಸಂಜೆ ಇನ್ನೊಂದರ ಹತ್ತಿರ ಬೀಳುತ್ತಿತ್ತು.

ಸೋಮವಾರ ಇಂಟರ್ನೆಟ್ಟಿನವನು ಬಂದು ನಮ್ಮ ಕೆಚ್ಚು ನೋಡಿದ. ನಗುತ್ತಾನೆ ಎಂದುಕೊಂಡಿದ್ದೆ. ಅವನು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುವಿದ.

“ನಮ್ಮವ್ವ ಇದ್ದಿದ್ರ ಹಿಂಗ ಮಾಡತಿದ್ಲ್ರಿ” ಎಂದ. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದ. “ಕಾಕಾ, ಇದರಾಗಿನ ಹುರಿ ಸಿಕ್ಕಲ್ರಿ. ಬೇಕಂತನ ಹಾಕಿರ್ತಾರ. ಎರಡೂ ಎಳಿ ಸುತಗೊಂಡಿದ್ರನ ಒಂದ ಜೋಡಿ ಮಾತು ಇನ್ನೊಂದ ಜೋಡ್ಯಾಗ ಬೆರಿಯೂದಿಲ್ಲ. ಬಿಚ್ಚಿ ನೆಟ್ಟಗ ಮಲಗಿಸಿದ್ರ ಎಲ್ಲಾ ಕಲಸಿ ಹೋಗತೈತಿ.”

ಹೊಸ ವಾಯರು ಅಳೆದು ಕೊಟ್ಟ, ಈ ಸಲ ಪಟ್ಟಿ ಹಿಡಿದು, ಎತ್ತರವನ್ನೂ ಸೇರಿಸಿ. ಮೇಲೆ ಹೋಗಿ ಕಂಪ್ಯೂಟರಿಗೆ ಸಿಕ್ಕಿಸಿ ಬಂದ. ಕೆಳಗೆ ಗೋಡೆಗೆ ಮೊಳೆ ಹೊಡೆದು ಅದನ್ನು ಬಿಗಿಯುತ್ತೇನೆ ಎಂದ. ಬೇಡ, ಕಿಂಡಿಯಿಂದ ಹಾಗೇ ಇಳಿದಿರಲಿ ಎಂದೆ. ಯಾಕೆ ಎಂದು ಕೇಳಿದ್ದಕ್ಕೆ ಕಿವಿ ಕೇಳದವನ ಹಾಗೆ ತಲೆಯಾಡಿಸಿದೆ. ಹಳೆಯ ವಾಯರಿನಿಂದ ಒಂದು ಕೆಚ್ಚನ್ನು ಕತ್ತರಿಸಿ ಇಟ್ಟುಕೊಂಡೆ. ಗೂಡಿನಲ್ಲಿರುವುದು ಅದೇ.

ಅವನು ಹೋದ ಮೇಲೆ ಎರಡೂ ಮಗ್ಗ ಹಚ್ಚಿದೆ. ಮಧ್ಯಾಹ್ನದ ಹೊತ್ತು. ವೈನಿ ಇಳಿದು ಬಂದು ಒಂದು ಡಿಜೈನು ಬನಹಟ್ಟಿಗೆ ಹೋಯಿತೆಂದು ಕೈಸನ್ನೆಯಲ್ಲಿ ಹೇಳಿ, ಪೇಟೆಗೆ ಹೋದರು. ಮೇಲೆ ಅಣ್ಣ ಒಬ್ಬನೇ ಇದ್ದ. ನಾನು ಮುಂದಿನ ಲಾಳಿಗೆ ಕಂಡಿಕೆ ಹಾಕುತ್ತಿದ್ದೆ. ಕಿಂಡಿಯಿಂದ ಇಳಿದ ನೀಲಿ ವಾಯರು ಅಲುಗಾಡಿತು. ಮಗ್ಗದ ನಡುಕ ಇರಬೇಕು ಎಂದುಕೊಂಡೆ. ಮತ್ತೆ ಅಲುಗಾಡಿತು. ನಾನು ಹಿಡಿದಿದ್ದ ಲಾಳಿ ಕೈಯಲ್ಲೇ ಉಳಿಯಿತು. ಮೂರನೆಯ ಜಗ್ಗಿಗೆ ವಾಯರು ಡಬ್ಬಿಯಿಂದ ಕಿತ್ತುಕೊಂಡು ಬಂದು ಗಾಳಿಯಲ್ಲಿ ನೇತಾಡಿತು, ದೀಪ ಆರಿತು.

ಮೊದಲು ಅದನ್ನು ಡಬ್ಬಿಗೆ ಸಿಕ್ಕಿಸಬೇಕಿತ್ತು. ಸಿಕ್ಕಿಸಲಿಲ್ಲ. ಎರಡೂ ಮಗ್ಗ ಓಡುತ್ತಲೇ ಇದ್ದವು. ಆ ಕಾಂಕ್ರೀಟಿನ ಮೇಲೆ ನಿಂತು, ಕೈ ಚಾಚಿ ವಾಯರಿನ ತುದಿ ಹಿಡಿದು, ನಾನೂ ಮೂರು ಸಲ ಜಗ್ಗಿದೆ.